ಡೀಸೆಂಟ್ ಎಂದವನು ನಾನೇ

ಇಂಗ್ಲಿಷಿನಿಂದ ನಮ್ಮ ಕಡೆಗೆ ಬಂದ ಪದಗಳಲ್ಲಿ ನನಗೆ ಅತ್ಯಂತ ಸಿಟ್ಟಿರುವುದು ‘ಡೀಸೆಂಟ್’ ಎಂಬುದರ ಮೇಲೆ. ಬಸ್ಸು, ರೋಡು, ಲೈಟು, ಕಾಫಿ ಎಲ್ಲವೂ ಬಂದವು, ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡು ಇವೆ. ಬಸ್ಸು ಎಂದರೆ ಬಸ್ಸು. ಅದು ಬರುತ್ತದೆ, ಇಲ್ಲವೇ ಬರುವುದಿಲ್ಲ. ಈ ಡೀಸೆಂಟ್ ಮಾತ್ರ ಬಂದ ದಿನದಿಂದ ಒಂದು ಕೆಲಸವನ್ನೂ ನೆಟ್ಟಗೆ ಮಾಡಿಲ್ಲ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆದವನು ಹೀಗೆ ಬರೆಯಬಾರದು. ಆದರೆ ಈ ಪದದ ಜೊತೆ ನನ್ನದೊಂದು ಹಳೆಯ ವ್ಯವಹಾರವಿದೆ, ಹೇಳದೆ ಇರಲಾರೆ.

ನಾನು ಅದನ್ನು ಮೊದಲು ಕೇಳಿದ್ದು ಎಪ್ಪತ್ತರ ದಶಕದಲ್ಲಿ, ಸಾಗರದ ಒಬ್ಬ ದರ್ಜಿಯ ಬಾಯಲ್ಲಿ. ಕಾಲೇಜಿಗೆ ಸೇರಿದ ಹೊಸತು. ಪ್ಯಾಂಟಿನ ಕಾಲು ನೆಲ ಗುಡಿಸುವಷ್ಟು ಅಗಲ ಇರಬೇಕಾದ ಕಾಲ. ಎಷ್ಟು ಅಗಲ ಇಡಲಿ ಎಂದು ಅವನು ಕೇಳಿದ, ಎಲ್ಲರಿಗೂ ಇಟ್ಟಷ್ಟು ಇಡಿ ಎಂದೆ. ಅವನು ನನ್ನನ್ನು, ನನ್ನ ಕಾಲಿನ ಹವಾಯಿ ಚಪ್ಪಲಿಯನ್ನು, ಬಟ್ಟೆ ಸುತ್ತಿ ತಂದಿದ್ದ ಪೇಪರನ್ನು ಒಮ್ಮೆ ನೋಡಿ, “ಡೀಸೆಂಟಾಗಿ ಹೊಲಿತೀನಿ ಬಿಡಿ” ಎಂದ. ಹೊಲಿದು ಕೊಟ್ಟದ್ದು ನನ್ನ ಅಪ್ಪನಿಗೆ ಒಪ್ಪುವಂಥ ಪ್ಯಾಂಟು. ಇಡೀ ಕಾಲೇಜಿನಲ್ಲಿ ಹಾಗೆ ನೆಟ್ಟಗೆ ಕೊಳವೆಯಂತಿದ್ದ ಕಾಲು ನನ್ನದು ಮತ್ತು ಪ್ರಿನ್ಸಿಪಾಲರದು ಮಾತ್ರ. ನಾನು ಇಂಥದ್ದಕ್ಕೆ ಲಾಯಕ್ಕು ಎಂದು ದರ್ಜಿ ತೀರ್ಮಾನಿಸಿದ್ದನ್ನು ಆ ಪದ ಮರ್ಯಾದೆಯಾಗಿ ಹೇಳಿತ್ತು.

ಆಮೇಲೆ ಎಲ್ಲೆಲ್ಲೂ ಅದೇ ಕೇಳತೊಡಗಿತು. ಕಾರ್ಗಲ್ಲಿನಲ್ಲಿ ವಿದ್ಯುತ್ ಯೋಜನೆಯ ಕೆಲಸಕ್ಕೆ ಸೇರಿದ್ದ ಚಿಕ್ಕಪ್ಪನಿಗೆ ಕ್ವಾರ್ಟರ್ಸ್ ಸಿಕ್ಕಿತು. ನೋಡಲು ಹೋದ ನಮಗೆ ಚಿಕ್ಕಮ್ಮ ಒಂದೊಂದು ಕೋಣೆಯನ್ನೂ ತೆರೆದು ತೋರಿಸಿ, ಕೊನೆಗೆ ಅಡುಗೆಮನೆಗೆ ಅಂಟಿಕೊಂಡಂತಿದ್ದ ಕಕ್ಕಸಿನ ಬಾಗಿಲನ್ನೂ ತೆರೆದು, “ಎಷ್ಟು ಡೀಸೆಂಟಾಗಿದೆ ನೋಡಿ” ಎಂದರು. ನನ್ನ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಬಂದು ಕೂತವರು, ಆ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ. “ಉಣ್ಣೋ ಮನೆ ಒಳಗೇ ಅದನ್ನೂ ಕಟ್ಕಂಡಿದಾರಲ್ಲ, ಇವ್ರಿಗೆ ಎಂತ ಆಗಿದೆ?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹಾಗಾಗಿ ವಾಸನೆ ತಿಳಿಯುತ್ತಿತ್ತು.

ನಮ್ಮದು ಇಕ್ಕೇರಿಯಿಂದ ಆಚೆಗೆ ಒಂದು ಹಳ್ಳಿ. ತಲೆತಲಾಂತರದಿಂದ ಗೇಣಿ ಮಾಡಿಕೊಂಡಿದ್ದವರು. ಒಡೆಯರ ಮನೆಯಲ್ಲಿ ಅಪ್ಪ ಜಗಲಿಯ ಕೆಳಗೆ ನಿಂತು ಮಾತಾಡುತ್ತಿದ್ದರು. ಕಾಫಿ ಕುಡಿದ ಲೋಟವನ್ನು ತಾವೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಬರುತ್ತಿದ್ದರು. ಆಗ ನಮ್ಮನ್ನು ಕರೆಯಲು ಕನ್ನಡದಲ್ಲೇ ಪದಗಳಿದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ಭೂಸುಧಾರಣೆ ಬಂದು, ಟ್ರಿಬ್ಯೂನಲ್ಲಿನಲ್ಲಿ ಗದ್ದೆ ನಮ್ಮ ಹೆಸರಿಗಾದ ಮೇಲೆ ಒಡೆಯರ ಮನೆಯ ಹಿರಿಯರು ಯಾರ ಹತ್ತಿರವೋ “ಈಗ ಅವ್ರೂ ಡೀಸೆಂಟ್ ಆಗಿದಾರೆ” ಎಂದರಂತೆ. ಆ ಮಾತು ಅಪ್ಪನ ಕಿವಿಗೆ ಬಿತ್ತು. ಗದ್ದೆಯ ಕಾಗದ ಬಂದ ದಿನ ಇಲ್ಲದ ಸಂತೋಷ ಅವರಿಗೆ ಅವತ್ತಾಯಿತು. ಸಾಗರಕ್ಕೆ ಹೋಗಿ ಎರಡು ಮಡಚುವ ಕಬ್ಬಿಣದ ಕುರ್ಚಿ ಹೊತ್ತು ತಂದರು. ಬದುಕಿರುವ ತನಕ ಅಪ್ಪ ಆ ಕುರ್ಚಿಯ ಮೇಲೆ ಕೂರಲಿಲ್ಲ, ಅದರ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದರು.

ಈ ಪದ ಎಲ್ಲಿಂದ ಬಂತು ಎಂದು ನಾನು ಹುಡುಕಿದ್ದು ಬಿ.ಎ. ಓದುವಾಗ. ಕಾಲೇಜಿನ ಲೈಬ್ರರಿಯಲ್ಲಿ ಎರಡು ಕೈಯಲ್ಲೂ ಎತ್ತಬೇಕಾದ ಒಂದು ನಿಘಂಟು ಇತ್ತು. ಲೈಬ್ರರಿಯವನು ಅದನ್ನು ಕೊಡುವಾಗ ನನ್ನ ಕೈ ತೊಳೆದಿದೆಯೇ ಎಂದು ನೋಡುತ್ತಿದ್ದ. ಲ್ಯಾಟಿನ್ನಿನಲ್ಲಿ ‘ತಕ್ಕದ್ದಾಗಿರು, ಒಪ್ಪುವಂತಿರು’ ಎಂಬ ಅರ್ಥದ ಒಂದು ಕ್ರಿಯಾಪದ, ಅದರಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ. ಅಲಂಕಾರಕ್ಕೆ ಡೆಕೊರೇಷನ್ ಎನ್ನುತ್ತಾರಲ್ಲ, ಅದೂ ಇದರ ದಾಯಾದಿಯೇ. ಇನ್ನೂ ಹಿಂದಕ್ಕೆ ಹೋದರೆ ‘ತೆಗೆದುಕೊಳ್ಳು, ಸ್ವೀಕರಿಸು’ ಎಂಬ ಬೇರು ಸಿಗುತ್ತದಂತೆ. ಸಂಸ್ಕೃತದಲ್ಲಿ ಕಾಣಿಕೆ ಒಪ್ಪಿಸುವುದಕ್ಕೆ ಇರುವ ಒಂದು ಹಳೆಯ ಮಾತಿಗೂ ಇದಕ್ಕೂ ನಂಟು ಹೇಳುತ್ತಾರೆ. ಇಂಗ್ಲಿಷರು ಇದನ್ನು ಮೊದಮೊದಲು ಬಳಸಿದ್ದು ‘ತನ್ನ ಅಂತಸ್ತಿಗೆ ತಕ್ಕಂತೆ ಇರುವ’ ಎಂಬ ಅರ್ಥದಲ್ಲಿ. ಆಮೇಲೆ ಅದು ಮೈಮೇಲೆ ಸಾಕಷ್ಟು ಬಟ್ಟೆ ಇರುವುದಕ್ಕೆ ಬಂತು. ಆಮೇಲೆ ‘ಪರವಾಗಿಲ್ಲ, ನಡೆಯುತ್ತದೆ’ ಎಂಬಲ್ಲಿಗೆ ಇಳಿಯಿತು. ಇತ್ತೀಚೆಗಷ್ಟೇ ‘ದಯಾಳು’ ಎಂಬ ಅರ್ಥವೂ ಸೇರಿಕೊಂಡಿತು. ಅಂತಸ್ತು, ಬಟ್ಟೆ, ಪರವಾಗಿಲ್ಲ, ದಯೆ. ದಯೆಗೆ ಕೊನೆಯ ಸೀಟು ಸಿಕ್ಕಿದ್ದನ್ನು ನೋಡಿ ನನಗೆ ಆಶ್ಚರ್ಯವಾಗಲಿಲ್ಲ.

ನಮ್ಮ ‘ಸಭ್ಯ’ವೂ ಇದಕ್ಕಿಂತ ಹೆಚ್ಚೇನಲ್ಲ ಎಂದೂ ಆಗಲೇ ಹೊಳೆಯಿತು. ಸಭೆಗೆ ತಕ್ಕವನು ಸಭ್ಯ. ಸಭೆ ಮುಗಿದು ಮನೆಗೆ ಹೋದ ಮೇಲೆ ಅವನು ಹೇಗೆ ಎಂಬುದನ್ನು ಆ ಪದವೂ ಕೇಳುವುದಿಲ್ಲ. ಇಷ್ಟನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎಂಬತ್ತರ ದಶಕದ ಆರಂಭದಲ್ಲಿ ಮೇಷ್ಟ್ರಾಗಿ ಹೊಸನಗರಕ್ಕೆ ಬಂದವನು ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೊರೆದೆ. ಡೀಸೆಂಟ್ ಎಂದರೆ ಕುರ್ಚಿಯ ಮೇಲೆ ಕೂತವರು ಒಪ್ಪಿಕೊಂಡದ್ದು, ಅಷ್ಟೇ, ಎಂದು ಭಾಷಣ ಮಾಡುತ್ತಿದ್ದೆ. ಗಣಿತದ ಮೇಷ್ಟ್ರು ನನ್ನನ್ನು ಕಂಡರೆ ಪಾಠವಿಲ್ಲದ ಹೊತ್ತಿನಲ್ಲೂ ತರಗತಿಗೆ ಹೋಗಿಬಿಡುತ್ತಿದ್ದರು. ಪದದ ಬೇರು ಗೊತ್ತಿದ್ದವನು ಅದನ್ನು ತಪ್ಪಾಗಿ ಬಳಸುವುದಿಲ್ಲ ಎಂಬ ಭ್ರಮೆ ನನಗಿತ್ತು.

ಇನ್ನು ನಮ್ಮ ಕಡೆಯ ಒಂದು ಪದ್ಧತಿಯ ವಿಷಯ ಹೇಳಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲೇ ಇರಲಿ, ಹೆಣ್ಣು ಕೊಡುವ ಮೊದಲು ವಿಚಾರಿಸಬೇಕು. ಜಾತಕ ನೋಡುವವರು ನೋಡುತ್ತಾರೆ, ಬಿಡುವವರು ಬಿಡುತ್ತಾರೆ. ವಿಚಾರಿಸದೆ ಮಾತ್ರ ಯಾರೂ ಮುಂದುವರಿಯುವುದಿಲ್ಲ. ಹುಡುಗಿಯ ಅಪ್ಪನೋ ಸೋದರಮಾವನೋ ಬೆಳಗಿನ ಬಸ್ಸಿಗೆ ಬಂದಿಳಿದು, ಹುಡುಗ ಇರುವ ಊರಿನಲ್ಲಿ ಮೂರ್ನಾಲ್ಕು ಕಡೆ ಕೂತೆದ್ದು ಹೋಗುತ್ತಾರೆ. ನೇರವಾಗಿ ಕೇಳುವಂತಿಲ್ಲ. ಮಳೆ, ಅಡಿಕೆ, ಬಸ್ಸು ಎಲ್ಲ ಆದಮೇಲೆ, ಏಳುವ ಹೊತ್ತಿಗೆ, “ಹಂಗೇ ಒಂದು ಮಾತು” ಎಂದು ತೆಗೆಯಬೇಕು. ಕೇಳಿಸಿಕೊಂಡವನೂ ನೇರವಾಗಿ ಹೇಳುವಂತಿಲ್ಲ, ಮದುವೆ ತಪ್ಪಿಸಿದ ಪಾಪ ಯಾರಿಗೂ ಬೇಡ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿಕೊಂಡಿದ್ದರು. ಹುಡುಗ ಒಳ್ಳೆಯವನಾದರೆ ಅವನ ಬಗ್ಗೆ ಏನಾದರೂ ಕಥೆ ಹೇಳುವುದು, ಯಾರ ಕಾಯಿಲೆಗೆ ರಾತ್ರಿಯೆಲ್ಲ ಕೂತ, ಯಾರ ಹೆಣಕ್ಕೆ ಹೆಗಲು ಕೊಟ್ಟ, ಇಂಥದ್ದು. ಬೇಡದವನಾದರೆ ಒಂದೇ ವಾಕ್ಯ: “ನಮಗೆ ಅವರ ಬಳಕೆ ಅಷ್ಟಿಲ್ಲ.” ಗೋಡೆಗೆ ಗೋಡೆ ತಾಗಿದ ಮನೆಯವನೇ ಹಾಗೆಂದರೆ, ಬಂದವರು ಕಾಫಿ ಮುಗಿಸಿ ಮುಂದಿನ ಬಸ್ಸಿಗೆ ವಾಪಸು. ಯಾರ ಬಾಯಿಂದಲೂ ಕೆಟ್ಟ ಮಾತು ಬರಲಿಲ್ಲ, ಹುಡುಗಿ ಬಚಾವು. ಎಷ್ಟೋ ಹೆಣ್ಣುಮಕ್ಕಳನ್ನು ಆ ಒಂದು ವಾಕ್ಯ ಕಾಪಾಡಿದೆ.

ಡೀಸೆಂಟ್ ಬಂದದ್ದೇ ಬಂದದ್ದು, ಈ ಏರ್ಪಾಡು ಕೆಟ್ಟಿತು. ಕಥೆ ಹೇಳುವ ಕಷ್ಟವಿಲ್ಲ, ಬಳಕೆ ಇಲ್ಲವೆನ್ನುವ ಮುಜುಗರವಿಲ್ಲ. ಹೋಟೆಲಿನವನು ಡೀಸೆಂಟ್ ಎಂದ, ಅಂಚೆಯವನು ಡೀಸೆಂಟ್ ಎಂದ, ಬಂದವರೂ ತಲೆಯಾಡಿಸಿ ಎದ್ದರು. ‘ಒಳ್ಳೆಯವನು’ ಎಂದರೆ ನಾಳೆ ಬಂದು ಕುತ್ತಿಗೆಪಟ್ಟಿ ಹಿಡಿದಾರು. ಡೀಸೆಂಟ್ ಎಂದವನ ಕುತ್ತಿಗೆಪಟ್ಟಿಯನ್ನು ಯಾರೂ ಹಿಡಿಯುವುದಿಲ್ಲ.

ಹೊಸನಗರದಲ್ಲಿ ನಾವು ಬಾಡಿಗೆಗಿದ್ದದ್ದು ಹಳೆಯ ಹೆಂಚಿನ ಮನೆಯ ಅರ್ಧ ಭಾಗದಲ್ಲಿ. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮಾಲೀಕನ ಉಳಿತಾಯಬುದ್ಧಿಯಿಂದ ಆ ಗೋಡೆ ಅಟ್ಟದ ತನಕ ಹೋಗಿ ನಿಂತಿತ್ತು. ಅಟ್ಟದ ಮೇಲೆ ಎರಡೂ ಮನೆ ಒಂದೇ. ಹಾಗಾಗಿ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನು ನಮಗೆ ಬರುತ್ತಿತ್ತು.

ಪಕ್ಕದಲ್ಲಿದ್ದವನು ನಮ್ಮ ಶಾಲೆಯದೇ ಗುಮಾಸ್ತ, ಜೊತೆಗೆ ಅವನ ತಾಯಿ. ನಿಘಂಟಿನ ಅರ್ಥಗಳಿಗೆಲ್ಲ ಒಂದೊಂದು ಉದಾಹರಣೆ ಬೇಕಾದರೆ ಅವನೊಬ್ಬನೇ ಸಾಕಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎಣ್ಣೆ ಹಚ್ಚಿ ಬಾಚಿದ ತಲೆ. ಬೀಡಿ ಇಲ್ಲ, ಎಲೆಯಡಿಕೆ ಇಲ್ಲ, ಹೋಟೆಲಿನಲ್ಲಿ ಕೂರುವುದಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ನಮಸ್ಕಾರ. ಅವನು ದನಿಯೆತ್ತಿ ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ, ಅಟ್ಟದ ದಾರಿಯಾಗಿ ನಾವೂ ಕೇಳಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಹೊರಡುವಾಗ ಅವನು ಬಾಗಿಲೆಳೆದು, ಚಿಲಕ ಹಾಕಿ, ಅಂಗೈಯಷ್ಟು ದೊಡ್ಡ ಹಿತ್ತಾಳೆ ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ, ಕೊಡೆ ಹಿಡಿದು ಹೋಗುತ್ತಿದ್ದ. ತಾಯಿ ಒಳಗೇ ಇರುತ್ತಿದ್ದರು. ಹಿತ್ತಿಲ ಬಾಗಿಲಿಗೆ ಒಳಗಿನಿಂದಲೇ ಇನ್ನೊಂದು ಬೀಗ, ಅದರ ಕೀಲಿಯೂ ಅವನ ಜೇಬಿನಲ್ಲಿ.

ಮೊದಲ ವಾರ ನೋಡಿದಾಗ ಕೇಳಿದ್ದೆ. “ಅಮ್ಮಂಗೆ ಮರೆವು ಸಾರ್, ಎಲ್ಲಾದ್ರೂ ಹೋಗ್ಬಿಡ್ತಾರೆ” ಎಂದ, ಬಹಳ ಮೆತ್ತಗೆ. ನನಗೆ ಅಷ್ಟು ಸಾಕಾಯಿತು. ನನ್ನ ಹೆಂಡತಿಗೆ ಸಾಕಾಗಲಿಲ್ಲ. ಅವಳು ಕಿಟಕಿಯ ಹತ್ತಿರ ನಿಂತು ಆ ತಾಯಿಯ ಜೊತೆ ದಿನವೂ ಮಾತಾಡುತ್ತಿದ್ದಳು. ಹಾಲಿನವಳು ಬರುತ್ತಿದ್ದುದು ಹತ್ತು ಗಂಟೆಗೆ. ಕಿಟಕಿಯ ಸರಳಿನ ನಡುವೆ ಪಾತ್ರೆ ತೂರುತ್ತಿರಲಿಲ್ಲ, ಅದಕ್ಕೇ ಆ ಮುದುಕಿ ಸರಳಿನ ನಡುವೆ ಹಿಡಿಸುವಂಥ ಒಂದು ಸಣ್ಣ ತಂಬಿಗೆಯನ್ನು ಹೊರಗೆ ಚಾಚಿ ಹಾಲು ಹೊಯ್ಸಿಕೊಳ್ಳುತ್ತಿದ್ದರು. “ಅವ್ರಿಗೆ ಎಂತ ಮರೆವೂ ಇಲ್ಲ. ನಮ್ಮ ಮದುವೆ ಆಗಿದ್ದು ಯಾವ ತಿಂಗಳು ಅಂತ ನಿಮಗಿಂತ ಚೆನ್ನಾಗಿ ಹೇಳ್ತಾರೆ” ಎಂದು ಹೆಂಡತಿ ಹೇಳಿದಳು. ಅದು ಅವರ ಮನೆ ವಿಷಯ ಎಂದೆ. ಮೇಲಾಗಿ ನಾನು ಸಾಗರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಅದನ್ನು ಟೈಪು ಮಾಡಿ ಮೇಲಕ್ಕೆ ಕಳಿಸಬೇಕಾದವನು ಅವನೇ. ಇದನ್ನು ಹೆಂಡತಿಗೆ ಹೇಳಲಿಲ್ಲ, ಅವಳಿಗೆ ಹೇಗೂ ಗೊತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ, ಯಾವುದೋ ಜಯಂತಿಗೆ ಮಕ್ಕಳಿಗೆ ಸಿಹಿ ಹಂಚಿ ನಾನು ಬೇಗ ಮನೆಗೆ ಬಂದಿದ್ದೆ. ಗುಮಾಸ್ತ ಇನ್ನೂ ಶಾಲೆಯಲ್ಲೇ ಇದ್ದ. ಆಗ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಒಬ್ಬರು ನಮ್ಮ ಮನೆಗೆ ಬಂದರು. ಒಗೆದು ಒಗೆದು ತೆಳ್ಳಗಾದ ಪಂಚೆ, ಹೊಸ ಅಂಗಿ, ಬಟ್ಟೆಯ ಚೀಲ. ಅವರು ಜಗಲಿಯ ಕೆಳಗೇ ನಿಂತು ನಮಸ್ಕಾರ ಎಂದದ್ದು ನೋಡಿ ಇವರು ಯಾವ ಪೈಕಿ ಎಂದು ನನಗೆ ಗೊತ್ತಾಯಿತು. ಮೇಲೆ ಬನ್ನಿ ಎಂದು ಎರಡು ಸಲ ಹೇಳಬೇಕಾಯಿತು. ಅವರದೂ ಟ್ರಿಬ್ಯೂನಲ್ಲಿನಲ್ಲಿ ಬಂದ ಗದ್ದೆ, ಒಬ್ಬಳೇ ಮಗಳು, ಎಸ್ಸೆಸ್ಸೆಲ್ಸಿ ಪಾಸು. ಮಳೆ ಆಯಿತು, ಅಡಿಕೆ ಆಯಿತು. ಕಾಫಿ ಕುಡಿದು ಏಳುತ್ತಾ, “ಹಂಗೇ ಒಂದು ಮಾತು ಮೇಷ್ಟ್ರೇ” ಎಂದರು. “ಪಕ್ಕದ ಮನೆ ಹುಡುಗನ ಕಡೆಯಿಂದ ನಮ್ಮ ಹುಡುಗಿಗೆ ಕೇಳಿದಾರೆ. ಗೌರ್ಮೆಂಟ್ ಕೆಲ್ಸ. ನಿಮಗೆ ದಿನಾ ನೋಡಿ ಗೊತ್ತಿರ್ತದೆ, ಹೆಂಗೆ ಜನ?”

ಅವರು ಹಾಗೆ ಕೇಳುವಾಗ ನಾವಿಬ್ಬರೂ ನಿಂತಿದ್ದಲ್ಲಿಂದ ಆ ಬೀಗ ಕಾಣುತ್ತಿತ್ತು. ಬಳಕೆ ಅಷ್ಟಿಲ್ಲ ಎನ್ನಬಹುದಿತ್ತು. ಆ ನಾಲ್ಕು ಶಬ್ದ ನಾಲಗೆಯ ತುದಿಗೆ ಬಂದಿದ್ದವು ಎಂದು ಸುಳ್ಳು ಹೇಳುವುದಿಲ್ಲ. ನನಗೆ ನೆನಪಾದದ್ದು ಸಾಗರದ ಅರ್ಜಿ.

“ಡೀಸೆಂಟ್” ಎಂದೆ. ಸಾಲದೆಂಬಂತೆ “ತುಂಬಾ ಡೀಸೆಂಟ್” ಎಂದೂ ಸೇರಿಸಿದೆ.

ಅವರ ಮುಖ ಅರಳಿತು. ಬೀಗದ ಕಡೆ ನೋಡಿ, “ಮನೇಲಿ ಯಾರೂ ಇಲ್ವಾ ಹಂಗಾರೆ? ಅವರ ತಾಯಿ ಇದಾರೆ ಅಂದಿದ್ರು” ಎಂದರು. ಎಲ್ಲೋ ಹೋಗಿರಬೇಕು ಎಂದೆ. ಅಷ್ಟರಲ್ಲಿ ಗೋಡೆಯಾಚೆ ಆ ತಾಯಿ ಕೆಮ್ಮಿದರು. ಅಟ್ಟದ ಮೇಲಿಂದ ಹಾದು ಬಂದ ಕೆಮ್ಮು, ನಮ್ಮ ಮನೆಯಲ್ಲೇ ಕೆಮ್ಮಿದಷ್ಟು ಸ್ಪಷ್ಟ. ನಾನು ಒಳಗೆ ಹೋಗಿ ರೇಡಿಯೋ ಹಾಕಿದೆ. ಯಾರೋ ಕೃಷಿಯ ಬಗ್ಗೆ ಮಾತಾಡುತ್ತಿದ್ದರು. ಬಂದವರು ಅದನ್ನು ಸ್ವಲ್ಪ ಹೊತ್ತು ಕೇಳಿ, ಕೈಮುಗಿದು ಹೊರಟರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನೇ ಮೊದಲು ಬಾಯಿಬಿಟ್ಟು, ಡೀಸೆಂಟ್ ಎಂದರೆ ನಿಜವಾಗಿ ಒಳ್ಳೆಯವನು ಎಂದಲ್ಲ, ಮೂಲದಲ್ಲಿ ಅದಕ್ಕೆ ಎಂದು ಶುರುಮಾಡಿದೆ. “ಮೂಲ ನೀವೇ ಇಟ್ಕಳಿ. ಅವ್ರು ಕೇಳಿದ್ದು ಕನ್ನಡದಲ್ಲಿ” ಎಂದು ಒಳಗೆ ಹೋದಳು.

ಬೇಸಿಗೆ ರಜೆಯಲ್ಲಿ ಮದುವೆಯಾಯಿತು. ನಾನೂ ಹೋಗಿದ್ದೆ. ಹುಡುಗಿಯ ಅಪ್ಪ ನನ್ನನ್ನು ಕೈಹಿಡಿದು ಕರೆದೊಯ್ದು ತಮ್ಮ ಕಡೆಯವರಿಗೆಲ್ಲ, “ಇವ್ರೇ ಮೇಷ್ಟ್ರು, ಇವ್ರು ಹೇಳಿದ್ಮೇಲೇ ನಾವು ಮುಂದ್ವರಿದಿದ್ದು” ಎಂದು ಪರಿಚಯಿಸಿದರು. ನಾನು ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡೆ. ನನ್ನ ಹೆಂಡತಿ ಮೈ ಸರಿಯಿಲ್ಲವೆಂದು ಬಂದಿರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು, ಒಂಬತ್ತೂವರೆಗೆ ಬೀಗವೂ ಬಿತ್ತು. ಎರಡು ಸಲ ಜಗ್ಗಿ ನೋಡುವುದು ಮೂರಕ್ಕೆ ಏರಿತ್ತು, ಇಬ್ಬರಿದ್ದರಲ್ಲ ಒಳಗೆ. ಕಿಟಕಿಯಿಂದ ಹೊರಬರುತ್ತಿದ್ದ ತಂಬಿಗೆಯ ಕೈ ಬದಲಾಯಿತು, ಬಳೆ ತುಂಬಿದ ಕೈ. ಕೇಳಿದರೆ ಈ ಸಲವೂ ಅವನಲ್ಲಿ ಉತ್ತರವಿತ್ತು: “ಕಾಲ ಸರಿಯಿಲ್ಲ ಸಾರ್, ಹೆಂಗಸ್ರೇ ಇರ್ತಾರೆ.” ಆ ಮಳೆಗಾಲದಲ್ಲಿ ಆ ಹುಡುಗಿ ನನ್ನ ಹೆಂಡತಿಯ ಹತ್ತಿರ ಕೇಳಿದ್ದು ಒಂದೇ, ಓದಲು ಏನಾದರೂ ಇದ್ದರೆ ಕೊಡಿ ಎಂದು. ಹಳೆಯ ವಾರಪತ್ರಿಕೆಗಳು ಕಿಟಕಿಯಲ್ಲಿ ಸುರುಳಿ ಸುತ್ತಿ ಹೋಗುತ್ತಿದ್ದವು, ಸಂಜೆ ಅವನು ಬರುವ ಮೊದಲು ಸುರುಳಿಯಾಗಿಯೇ ವಾಪಸು ಬರುತ್ತಿದ್ದವು. ನನ್ನ ವರ್ಗದ ಅರ್ಜಿಯೂ ವಾಪಸು ಬಂತು. ಜಾಗ ಖಾಲಿ ಇಲ್ಲವಂತೆ.

ಮಳೆ ಕಳೆದು ಚಳಿ ಹಿಡಿದಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅಡುಗೆಮನೆಯ ನೆಲದ ಮೇಲೆಲ್ಲ ಕರಿಮಸಿ ಮತ್ತು ಜೇಡರ ಬಲೆಯ ಚೂರು. ಹೆಂಡತಿ ಗುಡಿಸುತ್ತಿದ್ದಳು. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ತಲೆಯ ಮೇಲೆ ಅಟ್ಟದ ಹಲಗೆ ಸರಿದು, ಎರಡು ಕಾಲು ಇಳಿದವಂತೆ. ಗೋಡೆಯಾಚೆ ಮೇಜಿನ ಮೇಲೆ ಟ್ರಂಕು, ಟ್ರಂಕಿನ ಮೇಲೆ ಅಕ್ಕಿಡಬ್ಬಿ ಇಟ್ಟು ಆ ಹುಡುಗಿ ಹತ್ತಿದ್ದಳು. ಡಬ್ಬಿ ಜಾರದ ಹಾಗೆ ಹಿಡಿದುಕೊಂಡವರು ಅವಳ ಅತ್ತೆ. “ಹೋಗು, ಇತ್ಲಾಗೆ ತಿರುಗಿ ನೋಡ್ಬೇಡ” ಎಂದು ಅವರು ಕೆಳಗಿನಿಂದ ಹೇಳಿದ್ದು ನನ್ನ ಹೆಂಡತಿಗೂ ಕೇಳಿಸಿತು. ಹುಡುಗಿ ನಮ್ಮ ಮನೆಯಲ್ಲಿ ಮುಖ ತೊಳೆದು, ತಲೆ ಬಾಚಿಕೊಂಡು, ನನ್ನ ಹೆಂಡತಿಯ ಸೀರೆ ಉಟ್ಟು, ಹನ್ನೊಂದರ ಬಸ್ಸಿಗೆ ತೀರ್ಥಹಳ್ಳಿ ಕಡೆ ಹೋದಳು. ಬಸ್ ಹತ್ತಿಸಿ ಬಂದದ್ದು ನನ್ನ ಹೆಂಡತಿಯೇ. ಸಂಜೆ ಗುಮಾಸ್ತ ಬಂದು ಬೀಗ ತೆಗೆದ. ಬೀಗ ಸರಿಯಾಗಿಯೇ ಇತ್ತು.

ಮೂರು ವಾರ ಕಳೆದು ಒಂದು ಭಾನುವಾರ ಪಂಚಾಯ್ತಿ ಕೂತಿತು, ಅದೂ ನಮ್ಮ ಜಗಲಿಯಲ್ಲಿ. ಎರಡೂ ಕಡೆಗೆ ಬೇಕಾದವನು ನಾನೇ ಅಂತೆ. ನಮ್ಮ ಹೆಡ್ಮಾಸ್ತರು, ಊರಿನ ಇಬ್ಬರು ಹಿರಿಯರು, ಗುಮಾಸ್ತ, ಎದುರಿಗೆ ಹುಡುಗಿ ಮತ್ತು ಅವಳ ಅಪ್ಪ. ಪಕ್ಕದ ಮನೆಯ ಮುದುಕಿಯನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹೆಡ್ಮಾಸ್ತರು ಗಂಟಲು ಸರಿಮಾಡಿಕೊಂಡು, “ಬೀದಿಗೆ ಹೋಗೋದು ಬೇಡ, ಡೀಸೆಂಟಾಗಿ ಮುಗಿಸೋಣ” ಎಂದರು. ಅದರ ಅರ್ಥ ಹುಡುಗಿ ವಾಪಸು ಹೋಗಬೇಕು ಎಂದು. ಹಿರಿಯರು ತಲೆಯಾಡಿಸಿದರು. ಹುಡುಗಿಯ ಅಪ್ಪನ ತಲೆಯೂ ಸ್ವಲ್ಪ ಆಡಿದ್ದನ್ನು ನಾನು ನೋಡಿದೆ.

ಗುಮಾಸ್ತ ಮೆತ್ತಗೆ ಹೇಳಿದ. ಬೀಗ ಹಾಕಿದ್ದು ಒಂದೇ ದಿನ, ಅದೂ ಗೊತ್ತಿಲ್ಲದೆ. ಇವಳಿಗೆ ಸ್ವಲ್ಪ ತಲೆ ಸರಿಯಿಲ್ಲ, ಇಲ್ಲದಿದ್ದರೆ ಯಾರಾದರೂ ಅಟ್ಟ ಹತ್ತಿ ಹೋಗುತ್ತಾರಾ. ಬೇಕಾದರೆ ಮೇಷ್ಟ್ರನ್ನೇ ಕೇಳಿ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, “ನೋಡಿ, ಸಂಸಾರ ಅಂದ್ಮೇಲೆ ಎರಡೂ ಕಡೆ” ಎಂದು ಬಾಯಿ ತೆರೆದೆ. ಇನ್ನೆರಡು ನಿಮಿಷ ಸಿಕ್ಕಿದ್ದರೆ ಯಾರಿಗೂ ಏನೂ ತಿಳಿಯದ ಹಾಗೆ ಮಾತಾಡಿ ಕೂತುಬಿಡುತ್ತಿದ್ದೆ, ಅದರಲ್ಲಿ ನನಗೆ ಅಭ್ಯಾಸವಿತ್ತು.

ಹುಡುಗಿ ಎದ್ದಳು. “ಮೇಷ್ಟ್ರೇ, ಬೀಗ ನೋಡಿದೀರಾ, ಇಲ್ವಾ? ಅಷ್ಟು ಹೇಳಿ” ಎಂದಳು.

ಒಳಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

“ನೋಡಿದ್ದೆ” ಎಂದೆ.

“ಒಂದು ದಿನವಾ?”

“ದಿನಾ.”

“ನಾನು ಬಂದ ಮೇಲಾ, ಮೊದ್ಲೇನಾ?”

“ಮೊದಲೇ. ಎರಡು ವರ್ಷದಿಂದ. ಅವರ ತಾಯಿ ಒಳಗೇ ಇರ್ತಿದ್ರು.”

“ನಮ್ಮಪ್ಪ ಕೇಳಕ್ಕೆ ಬಂದಿದ್ರಲ್ಲ, ಅವತ್ತು?”

“ಅವತ್ತೂ ಬೀಗ ಇತ್ತು” ಎಂದೆ. ನಾಚಿಕೆಯಿಂದ ಸಾಯುವುದು ಎಂದು ಸುಮ್ಮನೆ ಬರೆಯುತ್ತಾರೆ, ಸಾಯುವುದಿಲ್ಲ, ಅಲ್ಲೇ ನಿಂತಿರಬೇಕಾಗುತ್ತದೆ. “ತಾಯಿ ಒಳಗೆ ಕೆಮ್ಮಿದ್ರು. ನಿಮ್ಮಪ್ಪಂಗೆ ಕೇಳಬಾರದು ಅಂತ ನಾನು ರೇಡಿಯೋ ಹಾಕಿದೆ.”

ಪಂಚಾಯ್ತಿ ಅಲ್ಲಿಗೆ ಮುಗಿಯಿತು. ಗುಮಾಸ್ತ ಎದ್ದು, ಎಲ್ಲರಿಗೂ ನಮಸ್ಕಾರ ಮಾಡಿ ಹೋದ. ಅವಳನ್ನು ವಾಪಸು ಕಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಒಬ್ಬ ಹಿರಿಯರು ನನ್ನ ಬೆನ್ನು ತಟ್ಟಿ, “ಇದ್ದಿದ್ದು ಇದ್ಹಂಗೆ ಹೇಳಿದ್ರಿ” ಎಂದು ಮೆಚ್ಚಿಕೊಂಡರು. ಹುಡುಗಿಯ ಅಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ. ಬೈಯಲಿ ಎಂದು ನಾನು ಕಾಯುತ್ತಿದ್ದೆ, ಬೈದರೆ ಅರ್ಧ ಹಗುರಾಗಬಹುದು ಎಂಬ ಲೆಕ್ಕ.

ಅವರು ತಲೆಯೆತ್ತಿ ನನ್ನನ್ನೇ ಸಮಾಧಾನ ಮಾಡಿದರು. “ಬಿಡಿ ಮೇಷ್ಟ್ರೇ, ನೀವು ಬೇಜಾರು ಮಾಡ್ಕಬೇಡಿ. ಕೆಮ್ಮಿದ್ದು ನಂಗೂ ಕೇಳಿತ್ತು” ಎಂದರು.

ಹುಡುಗಿ ಅಪ್ಪನ ಕಡೆ ತಿರುಗಿದಳು.

“ಯಾರೋ ಒಳಗಿದಾರೆ ಅಂತ ಗೊತ್ತಾತು” ಎಂದರು ಅವರು, ಮಗಳನ್ನು ನೋಡದೆ, ನನಗೇ ಹೇಳುವ ಹಾಗೆ. “ಗೌರ್ಮೆಂಟ್ ಕೆಲ್ಸದ ಹುಡುಗ, ನಮ್ಮಂಥೋರ ಮನೆಗೆ ತಾನಾಗಿ ಕೇಳಿ ಬಂದಿದ್ದು. ನೀವು ಇಂಗ್ಲಿಷ್ ಕಲ್ಸೋರು, ಡೀಸೆಂಟ್ ಅಂದ್ರಿ. ಸಾಕು ಅನ್ಸ್ತು. ಮತ್ತೆ ಕೇಳಕ್ಕೆ ಹೋಗ್ಲಿಲ್ಲ.”

ಅವಳು ಒಳಗೆ ಹೋಗಿ ನನ್ನ ಹೆಂಡತಿಯ ಸೀರೆಯನ್ನು ಮಡಿಸಿದ್ದು ಮಡಿಸಿದಂತೆ ಕೊಟ್ಟು, ಪಕ್ಕದ ಮನೆಯಿಂದ ತನ್ನ ಟ್ರಂಕನ್ನು ತಾನೇ ಎತ್ತಿಕೊಂಡು ಬಂದಳು. ಅಪ್ಪ ಒಂದು ಕಡೆ ಹಿಡಿಯಲು ಹೋದರು, ಕೊಡಲಿಲ್ಲ. ಹೆಂಡತಿ ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದು ಹೇಳಿದಳು, ಬಸ್ಸಿನಲ್ಲಿ ಅಪ್ಪನ ಪಕ್ಕದ ಸೀಟು ಖಾಲಿ ಇತ್ತಂತೆ. ಹುಡುಗಿ ಮುಂದೆ, ಡ್ರೈವರಿನ ಹಿಂದೆ, ಟ್ರಂಕಿನ ಮೇಲೆ ಕೂತು ಹೋದಳಂತೆ.